ಡೇಟಾಬೇಸ್ ಇದೆ, ಹುಡುಕುವುದನ್ನು ಕಲಿಸಿ: ನಮ್ಮ ಕುಲಪತಿಗಳಿಗೂ ಗ್ರಂಥಪಾಲಕರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ, ಮಾನ್ಯ ಗ್ರಂಥಪಾಲಕರೇ,

ನಮಸ್ಕಾರ.

ನಾನು ತಮ್ಮ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿನಿ. ಬೆಂಗಳೂರಿನ ಕೆರೆಗಳ ಚರಿತ್ರೆ ನನ್ನ ವಿಷಯ. ಈ ಪತ್ರ ನಮ್ಮ ಲೈಬ್ರರಿಯ ಬಗ್ಗೆ. ಪುಸ್ತಕ ಇಲ್ಲ, ಫ್ಯಾನ್ ತಿರುಗುವುದಿಲ್ಲ ಅನ್ನುವ ದೂರು ಇದಲ್ಲ. ಲೈಬ್ರರಿಯಲ್ಲಿ ಇರುವುದೇ ನಮ್ಮ ಕೈಗೆ ಸಿಗುತ್ತಿಲ್ಲ ಅನ್ನುವುದು ನನ್ನ ದೂರು. ಇದನ್ನು ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದೇವೆ. ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ ಅರ್ಜಿಯನ್ನೂ ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ. ಹಾಗಾಗಿ ಈಗ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಇದು ನಮ್ಮ ಒಂದೇ ಕ್ಯಾಂಪಸ್ಸಿನ ಕಥೆಯಾಗಿರಲಾರದು ಅನ್ನುವುದು ಇನ್ನೊಂದು ಕಾರಣ.

ಮೊದಲು ನಮ್ಮ ಹತ್ತಿರ ಏನಿದೆ ಅಂತ ಹೇಳುತ್ತೇನೆ. ಯಾಕೆಂದರೆ ಬಹಳಷ್ಟು ವಿದ್ಯಾರ್ಥಿಗಳಿಗೆ ಅದೇ ಗೊತ್ತಿಲ್ಲ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಂಶೋಧನಾ ಜರ್ನಲ್‌ಗಳ ಚಂದಾವನ್ನು ಸರ್ಕಾರಿ ಸಂಸ್ಥೆಗಳ ಪರವಾಗಿ ಕೇಂದ್ರವೇ ಕಟ್ಟುವ ಯೋಜನೆ ಇದು. 2025, 2026, 2027, ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟರು. 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ದೇಶದ 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು ಇದನ್ನು ಬಳಸಬಹುದು. ಗುಜರಾತಿನ ಗಾಂಧಿನಗರದಲ್ಲಿರುವ, ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಯುಜಿಸಿಯ ಕೇಂದ್ರವಾದ ಇನ್‌ಫ್ಲಿಬ್‌ನೆಟ್ ಇದನ್ನು ನಡೆಸುತ್ತದೆ. ಎಲ್ಸವಿಯರ್, ಸ್ಪ್ರಿಂಗರ್ ನೇಚರ್, ವೈಲಿ, ಟೇಲರ್ ಆ್ಯಂಡ್ ಫ್ರಾನ್ಸಿಸ್, ಸೇಜ್, ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎಲ್ಲವೂ ಇದರಲ್ಲಿವೆ. ರಾಜ್ಯ ಸರ್ಕಾರದ ವಿಶ್ವವಿದ್ಯಾಲಯವಾದ್ದರಿಂದ ನಾವೂ ಇದರೊಳಗೆ ಇದ್ದೇವೆ. ನಮ್ಮ ಸೀನಿಯರ್‌ಗಳು ಒಂದೊಂದು ಲೇಖನಕ್ಕೆ ದೆಹಲಿ, ಹೈದರಾಬಾದಿನ ಗೆಳೆಯರಿಗೆ ಫೋನ್ ಮಾಡಿ ತರಿಸಿಕೊಳ್ಳುತ್ತಿದ್ದ ಕಾಲ ನೆನೆದರೆ, ಇದು ಸಣ್ಣ ವಿಷಯವಲ್ಲ. ಈ ಯೋಜನೆ ಬಂದಾಗ ನಾನು ನಿಜವಾಗಿ ಖುಷಿಪಟ್ಟವಳು.

ಈಗ ಲೈಬ್ರರಿಯಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಡಿಜಿಟಲ್ ವಿಭಾಗದ ಗಾಜಿನ ಬಾಗಿಲಿಗೆ ಒಂದು ನೋಟಿಸ್ ಅಂಟಿಸಿದ್ದಾರೆ. ಪೂರ್ತಿ ಇಂಗ್ಲಿಷ್. ಪ್ರಕಾಶಕರ ಲೋಗೋಗಳು, ಕೆಳಗೆ ಒಂದು ವೆಬ್ ವಿಳಾಸ, ಅಷ್ಟೇ. ಯಾವ ವಿಷಯಕ್ಕೆ ಯಾವುದನ್ನು ನೋಡಬೇಕು, ಮನೆಯಿಂದ ಹೇಗೆ ತೆರೆಯಬೇಕು, ತೆರೆಯದಿದ್ದರೆ ಯಾರನ್ನು ಕೇಳಬೇಕು, ಒಂದೂ ಇಲ್ಲ. ವಿಶ್ವವಿದ್ಯಾಲಯದ ವೆಬ್‌ಸೈಟಿನ ಲೈಬ್ರರಿ ಪುಟದಲ್ಲಿ ಈಗಲೂ ಹಳೆಯ ಲಿಂಕುಗಳೇ ಇವೆ. ಕೆಲವು ತೆರೆಯುವುದೇ ಇಲ್ಲ.

ಕಳೆದ ಸೆಮಿಸ್ಟರಿನಲ್ಲಿ ಕನಕಪುರ ಕಡೆಯ ಒಬ್ಬ ಎಂ.ಎ. ವಿದ್ಯಾರ್ಥಿನಿ ನನ್ನ ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದಳು. ಪ್ರಾಜೆಕ್ಟಿಗೆ ಸಂಪಂಗಿ ಕೆರೆ ತೆಗೆದುಕೊಂಡಿದ್ದಳು. ಈಗ ಕಂಠೀರವ ಸ್ಟೇಡಿಯಂ ಇರುವ ಜಾಗದಲ್ಲಿದ್ದ ಕೆರೆ. ಮೊಬೈಲಿನಲ್ಲಿ ಗೂಗಲ್ ತೆಗೆದು ಇಂಗ್ಲಿಷಿನಲ್ಲಿ ಒಂದು ಇಡೀ ವಾಕ್ಯ ಹಾಕಿದಳು: ಬೆಂಗಳೂರಿನ ಟ್ಯಾಂಕುಗಳು (ಇಂಗ್ಲಿಷ್ ಲೇಖನಗಳಲ್ಲಿ ಕೆರೆಗೆ ಈ ಪದವೇ) ಬ್ರಿಟಿಷರ ಕಾಲದಲ್ಲಿ ಯಾಕೆ ಹಾಳಾದವು ಅಂತ. ಬಂದದ್ದರಲ್ಲಿ ಅರ್ಧ ಮನೆ ಮೇಲಿಡುವ ನೀರಿನ ಟ್ಯಾಂಕ್ ಮಾರುವವರದ್ದು. ಅದರ ನಡುವೆ ಒಂದು ಒಳ್ಳೆಯ ಲೇಖನ ಸಿಕ್ಕಿತು. ಒತ್ತಿದರೆ ಪ್ರಕಾಶಕರ ಪುಟ ಡಾಲರ್ ಲೆಕ್ಕದಲ್ಲಿ ದುಡ್ಡು ಕೇಳಿತು. ಅವಳು ಏನೂ ಮಾತಾಡದೆ ನೋಟ್‌ಬುಕ್ ತೆಗೆದು, ಅಲ್ಲಿ ಪುಕ್ಕಟೆ ಕಾಣುತ್ತಿದ್ದ ಸಾರಾಂಶವನ್ನು ಕೈಯಲ್ಲಿ ಬರೆದುಕೊಳ್ಳತೊಡಗಿದಳು.

ಆ ಲೇಖನ ನಮ್ಮ ಚಂದಾದಲ್ಲೇ ಇತ್ತು. ಅವಳ ಎದುರಿಗಿದ್ದ ಲೈಬ್ರರಿಯ ಕಂಪ್ಯೂಟರಿನಲ್ಲಿ ಅದೇ ಪುಟ ತೆರೆದಾಗ ಪೂರ್ತಿ ಪಿಡಿಎಫ್ ಬಂತು. ವ್ಯತ್ಯಾಸ ಇಷ್ಟೇ. ನಾವು ಚಂದಾ ಕಟ್ಟಿದವರೋ ಅಲ್ಲವೋ ಅಂತ ಪ್ರಕಾಶಕರ ಸರ್ವರ್ ನೋಡುವುದು ನಾವು ಯಾವ ನೆಟ್‌ವರ್ಕಿನಿಂದ ಬಂದಿದ್ದೇವೆ ಅನ್ನುವುದರ ಮೇಲೆ. ಕ್ಯಾಂಪಸ್ಸಿನ ಐಪಿ ವಿಳಾಸದಿಂದ ಬಂದರೆ ಬಾಗಿಲು ತೆರೆಯುತ್ತದೆ. ಸ್ವಂತ ಮೊಬೈಲ್ ಡೇಟಾದಿಂದ ಬಂದರೆ ನಾವು ಅವರಿಗೆ ಯಾರೋ ದಾರಿಹೋಕರು. ಈ ಒಂದು ಮಾತನ್ನು ಎರಡು ವರ್ಷದ ಎಂ.ಎ.ಯಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ. ಇದು ಅವಳ ತಪ್ಪಲ್ಲ. ಲೈಬ್ರರಿ ಸಿಬ್ಬಂದಿಯ ತಪ್ಪು ಅಂತಲೂ ಹೇಳಲಾರೆ. ಖಾಲಿ ಹುದ್ದೆಗಳ ನಡುವೆ ಇರುವ ಕೆಲವೇ ಜನ ಪುಸ್ತಕ ಕೊಡುವುದು, ನೋ ಡ್ಯೂ ಸರ್ಟಿಫಿಕೇಟ್ ಬರೆಯುವುದು, ಗುಣಮಟ್ಟ ಅಳೆಯುವ ನ್ಯಾಕ್ ಮಂಡಳಿಗೆ ಕಡತ ತಯಾರಿಸುವುದು ಎಲ್ಲ ಮಾಡುತ್ತಿದ್ದಾರೆ. ರೇಷನ್ ಕಾರ್ಡ್ ಮಾಡಿಸಿಕೊಟ್ಟು ಅಂಗಡಿ ಯಾವ ಬೀದಿಯಲ್ಲಿದೆ ಅಂತ ಹೇಳದೇ ಹೋದ ಹಾಗಾಗಿದೆ ನಮ್ಮ ಸ್ಥಿತಿ.

ಹೊರಗಿನಿಂದ ತೆರೆಯುವುದಕ್ಕೂ ದಾರಿ ಇದೆ, ನನಗೆ ಗೊತ್ತು. ಇನ್‌ಫ್ಲಿಬ್‌ನೆಟ್‌ನವರೇ ಇನ್‌ಫೆಡ್ ಅನ್ನುವ ಲಾಗಿನ್ ವ್ಯವಸ್ಥೆ ಮಾಡಿದ್ದಾರೆ. ವಿಶ್ವವಿದ್ಯಾಲಯ ಒಂದು ಖಾತೆ ಮಾಡಿಕೊಟ್ಟರೆ ಮನೆಯಲ್ಲಿ, ಪಿಜಿಯಲ್ಲಿ, ಊರಿನಲ್ಲಿ ಎಲ್ಲಿ ಬೇಕಾದರೂ ಓದಬಹುದು. ನಮ್ಮಲ್ಲಿ ಆ ಖಾತೆ ಪಡೆಯಲು ಕಾಗದದ ಫಾರ್ಮ್ ತುಂಬಬೇಕು, ಗೈಡ್ ಸಹಿ, ಮುಖ್ಯಸ್ಥರ ಸಹಿ, ಆಮೇಲೆ ಕಾಯಬೇಕು. ಎಂ.ಎ. ವಿದ್ಯಾರ್ಥಿಗಳಿಗೆ ಕೊಡುವುದಿಲ್ಲ ಅಂತ ಕೌಂಟರ್‌ನಲ್ಲಿ ಹೇಳುತ್ತಾರೆ. ಯೋಜನೆಯಲ್ಲಿ ಎಂ.ಎ. ವಿದ್ಯಾರ್ಥಿಗಳೂ ಇದ್ದಾರಲ್ಲ, ಹಾಗಾದರೆ ಈ ನಿಯಮ ಎಲ್ಲಿಂದ ಬಂತು? ದಯವಿಟ್ಟು ಇದಕ್ಕೆ ಬರಹದಲ್ಲಿ ಉತ್ತರ ಕೊಡಿ.

ಇದರ ಪೆಟ್ಟು ಯಾರಿಗೆ ಬೀಳುತ್ತದೆ ನೋಡಿ. ನನ್ನ ಜೊತೆಯ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಅತಿಥಿ ಉಪನ್ಯಾಸಕರು ಜಾಸ್ತಿ. ಮಾಗಡಿ, ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಪಾಠ ಮಾಡಿ ಸಂಜೆ ಬಸ್ಸಿಳಿಯುವ ಹೊತ್ತಿಗೆ ಡಿಜಿಟಲ್ ವಿಭಾಗದ ಬೀಗ ಬಿದ್ದಿರುತ್ತದೆ. ಭಾನುವಾರ ರಜೆ. ಹಾಸ್ಟೆಲಿನಲ್ಲಿರುವವರಿಗೆ ಹೇಗೋ ನಡೆಯುತ್ತದೆ. ದುಡಿಯುತ್ತಾ ಓದುವವರಿಗೆ, ಮನೆಯಲ್ಲಿ ಮಕ್ಕಳನ್ನು ಬಿಟ್ಟು ಬರಲಾಗದ ಹೆಣ್ಣುಮಕ್ಕಳಿಗೆ, ಹೊರಗಿನ ಲಾಗಿನ್ ಇಲ್ಲ ಅಂದರೆ ಲೈಬ್ರರಿಯೇ ಇಲ್ಲ ಅಂತ ಅರ್ಥ.

ಇನ್ನೊಂದು ವಿಷಯ ಮುಚ್ಚಿಡದೆ ಹೇಳಬೇಕು. ಸರಿಯಾದ ಬಾಗಿಲು ಕಾಣದವರು ಇಷ್ಟು ದಿನ ಅಡ್ಡದಾರಿ ಹಿಡಿಯುತ್ತಿದ್ದರು. ಚಂದಾದ ಲೇಖನಗಳನ್ನು ಅನುಮತಿಯಿಲ್ಲದೆ ಪುಕ್ಕಟೆ ಕೊಡುವ ಸೈ-ಹಬ್ ತಾಣದ ಹೆಸರು ಕೇಳದ ಸಂಶೋಧನಾ ವಿದ್ಯಾರ್ಥಿ ಇಲ್ಲ. 2025ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ದೇಶದಲ್ಲಿ ತಡೆಹಿಡಿಯಲು ಆದೇಶ ಮಾಡಿತು. ಆ ತೀರ್ಪಿನ ಸರಿ ತಪ್ಪು ಬೇರೆ ಚರ್ಚೆ. ಆದರೆ ಆ ದಾರಿ ಮುಚ್ಚಿದ ಮೇಲೆ, ದುಡ್ಡು ಕೊಟ್ಟು ತೆರೆಸಿದ ದಾರಿಯನ್ನಾದರೂ ತೋರಿಸುವ ಜವಾಬ್ದಾರಿ ವಿಶ್ವವಿದ್ಯಾಲಯದ್ದು, ಅಲ್ವಾ?

ಕಲಿಸಬೇಕಾದದ್ದು ಏನು ಮಹಾ ಇದೆ ಅಂತ ಕೆಲವರು ಕೇಳುತ್ತಾರೆ. ಗೂಗಲ್ ಮಾಡಲು ಬರುವವರಿಗೆ ಇದೂ ಬರುತ್ತದೆ ಅನ್ನುತ್ತಾರೆ. ಬರುವುದಿಲ್ಲ. ನನ್ನ ವಿಷಯವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಡೇಟಾಬೇಸಿನಲ್ಲಿ, ಅಂದರೆ ಲೇಖನಗಳನ್ನು ಹುಡುಕುವ ಆನ್‌ಲೈನ್ ಸಂಗ್ರಹದಲ್ಲಿ, ‘ಟ್ಯಾಂಕ್ ಇರಿಗೇಷನ್’ (ಕೆರೆ ನೀರಾವರಿ) ಅಂತ ಸುಮ್ನೆ ಬರೆದರೆ ಎರಡೂ ಪದ ಎಲ್ಲೆಲ್ಲೋ ಇರುವ ಸಾವಿರಾರು ಲೇಖನ ಬೀಳುತ್ತವೆ. ಎರಡನ್ನೂ ಸೇರಿಸಿ ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಆ ಎರಡು ಪದ ಒಟ್ಟಿಗೆ ಬಂದದ್ದು ಮಾತ್ರ ಸಿಗುತ್ತದೆ. ಊರಿನ ಹೆಸರು 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಬೆಂಗಳೂರು ಆಯಿತು. ಅದಕ್ಕಿಂತ ಹಿಂದಿನ ಲೇಖನಗಳಲ್ಲಿ ಇರುವುದು ಬ್ಯಾಂಗಲೋರ್. ಒಂದನ್ನೇ ಹಾಕಿದರೆ ಇನ್ನೊಂದು ಕಾಲದ ಕೆಲಸವೆಲ್ಲ ಕೈತಪ್ಪುತ್ತದೆ. ಎರಡರ ನಡುವೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ‘ಆರ್’ (OR, ಅಂದರೆ ‘ಅಥವಾ’) ಹಾಕಿ ಕಂಸದೊಳಗೆ ಇಡಬೇಕು. ಮೈಸೂರಿಗೂ ಹಾಗೇ, ಯಾಕೆಂದರೆ ಹಳೆಯ ಲೇಖನಗಳಲ್ಲಿ ನಮ್ಮ ಕೆರೆಗಳು ಮೈಸೂರು ಸಂಸ್ಥಾನದ ಲೆಕ್ಕದಲ್ಲಿ ಬರುತ್ತವೆ. ಪದದ ಕೊನೆಗೆ ನಕ್ಷತ್ರದ ಗುರುತು ಹಾಕಿದರೆ ಏಕವಚನ, ಬಹುವಚನ ಎಲ್ಲವನ್ನೂ ಬಹಳಷ್ಟು ಡೇಟಾಬೇಸುಗಳು ಒಟ್ಟಿಗೆ ಹುಡುಕುತ್ತವೆ. ಕನಕಪುರದ ಆ ಹುಡುಗಿಗೆ ಇಷ್ಟನ್ನು ಹೇಳಿಕೊಡಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಆಮೇಲೆ ಅವಳಿಗೆ ಬಂದ ಪಟ್ಟಿ ಎರಡು ಪುಟ ಮಾತ್ರ ಇತ್ತು. ಅದರಲ್ಲಿ ಹೆಚ್ಚಿನವು ಅವಳಿಗೆ ಬೇಕಾದವೇ.

ಒಂದು ಒಳ್ಳೆಯ ಲೇಖನ ಸಿಕ್ಕಿದ ಮೇಲೆ ಅದರ ಕೊನೆಯ ಗ್ರಂಥಸೂಚಿ ಹಿಡಿದು ಹಿಂದಕ್ಕೆ ಹೋಗಬಹುದು. ಗೂಗಲ್ ಸ್ಕಾಲರ್‌ನಲ್ಲಿ ‘ಸೈಟೆಡ್ ಬೈ’ ಒತ್ತಿ, ಆಮೇಲೆ ಅದನ್ನು ಯಾರು ಉಲ್ಲೇಖಿಸಿದರು ಅಂತ ಮುಂದಕ್ಕೂ ಹೋಗಬಹುದು. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಮೂಲತಃ ಸೂಚಿಗಳು. ಲೇಖನ ಎಲ್ಲಿದೆ ಅಂತ ಅವು ಹೇಳುತ್ತವೆ, ಪೂರ್ತಿ ಪಠ್ಯ ಇರುವುದು ಪ್ರಕಾಶಕರ ಕಡೆ. ಇದು ಗೊತ್ತಿಲ್ಲದೆ ಅಲ್ಲಿ ಡೌನ್‌ಲೋಡ್ ಗುಂಡಿ ಹುಡುಕುತ್ತಾ ಕೂತವರನ್ನು ನೋಡಿದ್ದೇನೆ. ಜರ್ನಲ್‌ಗಳ ಆನ್‌ಲೈನ್ ಭಂಡಾರವಾದ ಜೆಸ್ಟೋರ್‌ನಲ್ಲಿ ಹಳೆಯ ಸಂಚಿಕೆಗಳು ಚೆನ್ನಾಗಿ ಸಿಗುತ್ತವೆ, ಆದರೆ ಎಷ್ಟೋ ಜರ್ನಲ್‌ಗಳ ಇತ್ತೀಚಿನ ಮೂರರಿಂದ ಐದು ವರ್ಷದ ಸಂಚಿಕೆ ಅಲ್ಲಿರುವುದಿಲ್ಲ. ಅದನ್ನು ಪ್ರಕಾಶಕರ ತಾಣದಲ್ಲೇ ನೋಡಬೇಕು. ಜೆಸ್ಟೋರ್‌ನಲ್ಲಿ ಸ್ವಂತ ಖಾತೆ ತೆರೆದರೆ ತಿಂಗಳಿಗೆ 100 ಲೇಖನ ಆನ್‌ಲೈನಿನಲ್ಲೇ ಪುಕ್ಕಟೆ ಓದಬಹುದು. ಗೂಗಲ್ ಸ್ಕಾಲರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಲೈಬ್ರರಿ ಲಿಂಕ್ಸ್’ ಅಂತ ಇದೆ. ವಿಶ್ವವಿದ್ಯಾಲಯದ ಲೈಬ್ರರಿ ಅದಕ್ಕೆ ನೋಂದಾಯಿಸಿಕೊಂಡಿದ್ದರೆ, ಹುಡುಕಿದ ಲೇಖನದ ಪಕ್ಕದಲ್ಲೇ ನಮ್ಮ ಚಂದಾದ ಕೊಂಡಿ ಕಾಣುತ್ತದೆ. ಅಲ್ಲಿ ನಮ್ಮ ಹೆಸರು ಹಾಕಿ ಹುಡುಕಿದೆ. ಇಲ್ಲ. ಲೈಬ್ರರಿಯ ಕಡೆಯಿಂದ ಒಮ್ಮೆ ಮಾಡಿ ಮುಗಿಸಬಹುದಾದ ಕೆಲಸ ಇದು.

ಇದನ್ನೆಲ್ಲ ಕಲಿಸಲು ಹೊಸ ಆದೇಶವೇನೂ ಬೇಕಿಲ್ಲ. ಪಿಎಚ್.ಡಿ. ಕೋರ್ಸ್‌ವರ್ಕಿನಲ್ಲಿ ‘ರಿಸರ್ಚ್ ಆ್ಯಂಡ್ ಪಬ್ಲಿಕೇಷನ್ ಎಥಿಕ್ಸ್’ ಅನ್ನುವ ಎರಡು ಕ್ರೆಡಿಟ್ಟಿನ, 30 ಗಂಟೆಯ ಪೇಪರನ್ನು ಯುಜಿಸಿ 2019ರ ಕೊನೆಯಲ್ಲೇ ಕಡ್ಡಾಯ ಮಾಡಿದೆ. ಅದರ ಆರು ಘಟಕಗಳಲ್ಲಿ ಒಂದು ಡೇಟಾಬೇಸುಗಳ ಬಗ್ಗೆಯೇ ಇದೆ. ಅದು ಕಂಪ್ಯೂಟರ್ ಮುಂದೆ ಕೂತು ಮಾಡಿ ಕಲಿಯುವ ಭಾಗ. ನಮಗೆ ಆ ಘಟಕವನ್ನು ನೋಟ್ಸ್ ಡಿಕ್ಟೇಟ್ ಮಾಡಿ ಮುಗಿಸಿದರು. ಸ್ಕೋಪಸ್ ಅಂದರೇನು, ಎಚ್-ಇಂಡೆಕ್ಸ್ ಅಂದರೇನು ಅಂತ ವ್ಯಾಖ್ಯಾನ ಬರೆದು ಪರೀಕ್ಷೆ ಪಾಸಾದೆವು. ಒಂದು ಸಲವೂ ಯಾರೂ ಒಂದು ಡೇಟಾಬೇಸನ್ನು ತೆರೆದು ತೋರಿಸಲಿಲ್ಲ. ಪಾಠ ಮಾಡಿದವರಿಗೆ ಗ್ರಂಥಪಾಲಕರ ನೆರವು ಸಿಕ್ಕಿದ್ದರೆ ಹೀಗಾಗುತ್ತಿರಲಿಲ್ಲ.

ಮಾನ್ಯ ಗ್ರಂಥಪಾಲಕರೇ, ನಿಮ್ಮ ವೃತ್ತಿಯ ಹಿರಿಯರಾದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಇದೇ ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಇಲ್ಲಿ ಡಾಕ್ಯುಮೆಂಟೇಷನ್ ರಿಸರ್ಚ್ ಆ್ಯಂಡ್ ಟ್ರೈನಿಂಗ್ ಸೆಂಟರ್ ಕಟ್ಟಿದರು. ಅದು ಈಗಲೂ ಮೈಸೂರು ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿದೆ. 1972ರಲ್ಲಿ ಅವರು ತೀರಿಕೊಂಡದ್ದೂ ಇಲ್ಲೇ. ಅವರು 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಅನ್ನುವುದು. ಪ್ರತಿ ವರ್ಷ ಆಗಸ್ಟ್ 12ರಂದು ಅವರ ಫೋಟೊಗೆ ಹಾರ ಹಾಕುವ ಕಾರ್ಯಕ್ರಮ ನಮ್ಮಲ್ಲೂ ನಡೆಯುತ್ತದೆ. ಆ ದಿನ ಮಧ್ಯಾಹ್ನ ಎರಡು ಗಂಟೆ ಕಾಲ ಹೊಸ ವಿದ್ಯಾರ್ಥಿಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿ ಹುಡುಕುವುದನ್ನು ಕಲಿಸಿದರೆ ಅವರ ನೆನಪಿಗೆ ಅದಕ್ಕಿಂತ ದೊಡ್ಡ ಗೌರವ ಯಾವುದಿದೆ?

ಕಲಿಸುವಾಗ ಕನ್ನಡದಲ್ಲಿ ಕಲಿಸಿ ಅಂತ ನಾನು ಒತ್ತಿ ಕೇಳುತ್ತೇನೆ. ನಮ್ಮ ಸಮಾಜ ವಿಜ್ಞಾನ ವಿಭಾಗಗಳಲ್ಲಿ ಬಹುಪಾಲು ಮಕ್ಕಳು ಕನ್ನಡ ಮಾಧ್ಯಮದಿಂದ ಬಂದವರು. ಇಂಗ್ಲಿಷ್ ಲೇಖನವನ್ನು ನಿಧಾನವಾಗಿ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದಿಯೇ ಓದುತ್ತಾರೆ. ಅವರು ಸೋಲುವುದು ಓದುವಲ್ಲಿ ಅಲ್ಲ, ಲೇಖನದವರೆಗೆ ಹೋಗುವ ದಾರಿಯಲ್ಲಿ. ಪರದೆಯ ಮೇಲೆ ಬರುವ ಇಂಗ್ಲಿಷ್ ಸೂಚನೆಗಳಿಗೆ ಹೆದರಿ ಹಿಂದೆ ಸರಿಯುತ್ತಾರೆ. ಪಕ್ಕದಲ್ಲಿ ನಿಂತು ಕನ್ನಡದಲ್ಲಿ ನಾಲ್ಕು ಮಾತು ಹೇಳಿದರೆ ಆ ಹೆದರಿಕೆ ಅಲ್ಲೇ ಹೋಗುತ್ತದೆ.

ಕನ್ನಡದಲ್ಲೇ ಇರುವ ವಿದ್ವತ್ತಿನ ಕಥೆ ಇನ್ನೂ ಕಷ್ಟದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ 1916ರಿಂದ ಇದೆ. ಪ್ರಬುದ್ಧ ಕರ್ಣಾಟಕ 1919ರಲ್ಲಿ ಇದೇ ಊರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಶುರುವಾಯಿತು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 1909ರಿಂದ ಇಂಗ್ಲಿಷಿನಲ್ಲಿ ಜರ್ನಲ್ ತರುತ್ತಿದೆ. ಶಾಸನ, ಕೆರೆ, ಊರು, ಜಾತ್ರೆ ಬಗ್ಗೆ ಇವುಗಳಲ್ಲಿ ಬಂದ ಕೆಲಸವನ್ನು ಬಿಟ್ಟು ಬೆಂಗಳೂರಿನ ಚರಿತ್ರೆ ಬರೆಯಲು ಆಗುವುದೇ ಇಲ್ಲ. ಆದರೆ ದೊಡ್ಡ ಡೇಟಾಬೇಸಿನಲ್ಲಿ ಕನ್ನಡದಲ್ಲಿ ಟೈಪ್ ಮಾಡಿದರೆ ಸಿಗುವುದು ಹೆಚ್ಚುಕಮ್ಮಿ ಸೊನ್ನೆ. ದೇಶದ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಕನ್ನಡ ಪ್ರಬಂಧಗಳು ಬಹಳ ಇವೆ. ಅದು ನಮ್ಮ ಭಾಗ್ಯ. ಆದರೆ ಶೀರ್ಷಿಕೆಯನ್ನು ಕೆಲವು ಕಡೆ ಕನ್ನಡ ಲಿಪಿಯಲ್ಲಿ, ಕೆಲವು ಕಡೆ ಇಂಗ್ಲಿಷ್ ಅಕ್ಷರದಲ್ಲಿ, ಅದೂ ಮನಸ್ಸಿಗೆ ಬಂದ ಕಾಗುಣಿತದಲ್ಲಿ ಸೇರಿಸಿದ್ದಾರೆ. ಆ ಮಾಹಿತಿ ತುಂಬುವುದು ಆಯಾ ವಿಶ್ವವಿದ್ಯಾಲಯವೇ. ನಮ್ಮ ವಿಶ್ವವಿದ್ಯಾಲಯದ ಪ್ರಬಂಧಗಳ ಮಟ್ಟಿಗಾದರೂ ಇದನ್ನು ನಾವೇ ಸರಿಮಾಡಬಹುದು. ಎರಡೂ ಲಿಪಿಯಲ್ಲಿ ಶೀರ್ಷಿಕೆ, ಜೊತೆಗೆ ನಾಲ್ಕೈದು ಸರಿಯಾದ ವಿಷಯಸೂಚಕ ಪದ ಇದ್ದರೆ ಸಾಕು.

ನಮ್ಮ ಲೈಬ್ರರಿಯ ಹಳೆಯ ನಿಯತಕಾಲಿಕೆಗಳ ಕೋಣೆಯಲ್ಲಿ ಈ ಕನ್ನಡ ಪತ್ರಿಕೆಗಳ ಬೌಂಡ್ ವಾಲ್ಯೂಮ್‌ಗಳು ಇವೆ. ರಟ್ಟು ಕಿತ್ತಿದೆ, ಬೆನ್ನಿನ ಮೇಲಿನ ಅಕ್ಷರ ಅಳಿಸಿದೆ, ಒಳಗಿನ ಪುಟ ಮುಟ್ಟಿದರೆ ಪುಡಿಯಾಗುತ್ತದೆ. ಪೂರ್ತಿ ಸ್ಕ್ಯಾನ್ ಮಾಡಲು ಹಣ, ಹಕ್ಕುಸ್ವಾಮ್ಯ ಎಲ್ಲ ನೋಡಬೇಕು, ಒಪ್ಪುತ್ತೇನೆ. ಪರಿವಿಡಿ ಪುಟಗಳನ್ನಾದರೂ ಟೈಪ್ ಮಾಡಿಸಿ ಕ್ಯಾಟಲಾಗಿಗೆ ಸೇರಿಸಿ. ಯಾವ ಸಂಚಿಕೆಯಲ್ಲಿ ಯಾರು ಏನು ಬರೆದಿದ್ದಾರೆ ಅಂತ ಗೊತ್ತಾದರೆ ಕೋಣೆಗೆ ಹೋಗಿ ಒಂದೇ ವಾಲ್ಯೂಮ್ ತೆಗೆಯಬಹುದು. ಈಗ ಒಂದು ಲೇಖನಕ್ಕಾಗಿ ಇಡೀ ಕಪಾಟು ಕೆಳಗಿಳಿಸಬೇಕು, ಪ್ರತಿ ಸಲ ಇನ್ನಷ್ಟು ಪುಟ ಹಾಳಾಗುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಕೊಡುವುದು ಇದೇ.

ಖಾಸಗಿ ಕಾಲೇಜಿನ ಮಕ್ಕಳನ್ನೂ ಮರೆಯಬೇಡಿ. ಹೊಸ ಯೋಜನೆಯ ಈಗಿನ ಹಂತ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ನಮ್ಮದೇ ಪದವಿ ಪಡೆಯುವ, ನಮಗೇ ಪರೀಕ್ಷಾ ಶುಲ್ಕ ಕಟ್ಟುವ ಖಾಸಗಿ ಸಂಯೋಜಿತ ಕಾಲೇಜುಗಳ ವಿದ್ಯಾರ್ಥಿಗಳು ಅದರಲ್ಲಿ ಇಲ್ಲ. ಪ್ರಕಾಶಕರ ಎಷ್ಟೋ ಒಪ್ಪಂದಗಳಲ್ಲಿ ಲೈಬ್ರರಿಗೆ ಖುದ್ದಾಗಿ ಬಂದು ಕೂತು ಓದುವ ಹೊರಗಿನವರಿಗೂ ಅವಕಾಶ ಇರುತ್ತದೆ. ನಮಗೆ ಅನ್ವಯಿಸುವ ಒಪ್ಪಂದದಲ್ಲಿ ಏನಿದೆ ಅಂತ ದಯವಿಟ್ಟು ನೋಡಿಸಿ. ಅವಕಾಶ ಇದ್ದರೆ ಅವರಿಗೂ ಒಂದೆರಡು ಕಂಪ್ಯೂಟರ್ ಮೀಸಲಿಡಿ. ಇಲ್ಲದಿದ್ದರೂ ಪುಕ್ಕಟೆ ಸಿಗುವುದನ್ನು ಅವರಿಗೆ ತೋರಿಸಬಹುದು. ಮುಕ್ತ ಜರ್ನಲ್‌ಗಳ ಡಿಓಎಜೆ ಪಟ್ಟಿ, ನಮ್ಮೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಜರ್ನಲ್‌ಗಳು, ನಾಗರಭಾವಿಯ ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆ ಐಸೆಕ್‌ನ ವರ್ಕಿಂಗ್ ಪೇಪರ್‌ಗಳು, ಇವಕ್ಕೆಲ್ಲ ಯಾವ ಚಂದಾವೂ ಬೇಡ.

ಮಾನ್ಯ ಕುಲಪತಿಗಳೇ, ತಮ್ಮಲ್ಲಿ ನಾವು ಕೇಳುವುದು ಇಷ್ಟು. ಪ್ರವೇಶ ಪಡೆದ ದಿನವೇ, ಗುರುತಿನ ಚೀಟಿಯ ಜೊತೆಗೇ, ಎಂ.ಎ. ಸೇರಿದಂತೆ ಎಲ್ಲರಿಗೂ ಹೊರಗಿನ ಲಾಗಿನ್ ಸಿಗುವಂತೆ ಆದೇಶ ಮಾಡಿ. ಡಿಜಿಟಲ್ ವಿಭಾಗವನ್ನು ರಾತ್ರಿ ಎಂಟರವರೆಗೆ, ಭಾನುವಾರ ಅರ್ಧ ದಿನವಾದರೂ ತೆರೆದಿಡಿ. ಎಥಿಕ್ಸ್ ಪೇಪರಿನ ಡೇಟಾಬೇಸ್ ಘಟಕವನ್ನು ಲೈಬ್ರರಿಯಲ್ಲೇ, ಗ್ರಂಥಪಾಲಕರೇ ಕಲಿಸುವಂತೆ ಮಾಡಿ, ಅದಕ್ಕೆ ಅವರಿಗೆ ಸಂಭಾವನೆಯನ್ನೂ ಕೊಡಿ. ಖಾಲಿ ಇರುವ ಲೈಬ್ರರಿ ಹುದ್ದೆ ತುಂಬದೆ ಇದು ಯಾವುದೂ ಬಹಳ ದಿನ ನಿಲ್ಲುವುದಿಲ್ಲ ಅನ್ನುವುದು ತಮಗೆ ನಮಗಿಂತ ಚೆನ್ನಾಗಿ ಗೊತ್ತು. ಆ ಕಡತವನ್ನು ತಾವೇ ಹಿಡಿದು ಸರ್ಕಾರದ ಮುಂದೆ ಇಡಬೇಕು. 2027ರ ಕೊನೆಗೆ ಚಂದಾದ ಮೊದಲ ಅವಧಿ ಮುಗಿಯುತ್ತದೆ. ಆಗ ಯಾವ ವಿಶ್ವವಿದ್ಯಾಲಯ ಎಷ್ಟು ಬಳಸಿತು ಅಂತ ಲೆಕ್ಕ ನೋಡೇ ನೋಡುತ್ತಾರೆ. ನಮ್ಮ ಸಂಖ್ಯೆ ಕಮ್ಮಿ ಬಂದರೆ ‘ಮಕ್ಕಳಿಗೆ ಓದುವ ಆಸಕ್ತಿ ಇಲ್ಲ’ ಅಂತ ಬರೆದುಬಿಡುತ್ತಾರೆ ಅನ್ನುವ ಭಯ ನನಗಿದೆ. ಆಸಕ್ತಿ ಇದೆ. ಸಾರಾಂಶವನ್ನು ಕೈಯಲ್ಲಿ ಬರೆದುಕೊಂಡವಳನ್ನು ನಾನು ನೋಡಿದ್ದೇನೆ.

ನಮ್ಮ ಕಡೆಯಿಂದ ಆಗುವ ಕೆಲಸ ನಾವು ಮಾಡುತ್ತೇವೆ. ಇತಿಹಾಸ, ಸಮಾಜಶಾಸ್ತ್ರ, ಕನ್ನಡ ವಿಭಾಗಗಳ ಕೆಲವು ಸಂಶೋಧನಾ ವಿದ್ಯಾರ್ಥಿಗಳು ಸೇರಿ, ಡೇಟಾಬೇಸ್ ಬಳಸುವ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿಯ ಕರಡು ಬರೆಯುತ್ತಿದ್ದೇವೆ. ಲೈಬ್ರರಿಯವರು ತಿದ್ದಿ, ಬಾಗಿಲ ಪಕ್ಕ ಇಡಲು ಒಪ್ಪಬೇಕು. ಪತ್ರಿಕೆಗಳ ಪರಿವಿಡಿ ಟೈಪ್ ಮಾಡಲು ಶನಿವಾರ ಮಧ್ಯಾಹ್ನ ಬರಲು ತಯಾರಿದ್ದೇವೆ. ಕೋಣೆಯ ಬೀಗ ತೆಗೆಸಿಕೊಡಿ. ಮುಂದಿನ ಕೋರ್ಸ್‌ವರ್ಕ್ ಶುರುವಾಗುವ ಮೊದಲು ತಮ್ಮಿಬ್ಬರನ್ನೂ ಒಟ್ಟಿಗೆ ಭೇಟಿಯಾಗಲು ಒಂದು ದಿನ, ಒಂದು ಸಮಯ ತಿಳಿಸಬೇಕಾಗಿ ವಿನಂತಿ. ಕರಡಿನ ಪ್ರತಿ ತೆಗೆದುಕೊಂಡೇ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಸಂಶೋಧನಾ ವಿದ್ಯಾರ್ಥಿನಿ, ಇತಿಹಾಸ ವಿಭಾಗ
ಬೆಂಗಳೂರು